ಗ್ಯಾಸು ಯಾವುದು ಅಂತ ಪತ್ತೆ ಹಚ್ಚೋದು ಹೇಗೆ: ಶಾಲೆ ಲ್ಯಾಬಿಗೆ ಬೇಕಾದಷ್ಟು

ಸುಣ್ಣದ ತಿಳಿನೀರು ಬೆಳ್ಳಗಾಯ್ತು. ಹಾಗಾದರೆ ಯಾವ ಅನಿಲ? ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಶಾಲೆಯಲ್ಲಿ ಕೇಳಿದರೂ ಮಕ್ಕಳು ಒಂದೇ ಉಸಿರಿಗೆ ‘ಕಾರ್ಬನ್ ಡೈಆಕ್ಸೈಡ್’ ಅನ್ನುತ್ತಾರೆ. ಅರ್ಧ ಸರಿ. ಗಂಧಕ ಸುಟ್ಟಾಗ ಬರುವ ಸಲ್ಫರ್ ಡೈಆಕ್ಸೈಡ್ ಹಾಯಿಸಿದರೂ ಅದೇ ತಿಳಿನೀರು ಅಷ್ಟೇ ಬೆಳ್ಳಗಾಗುತ್ತದೆ. ಕೆಂಡದ ಕಡ್ಡಿ ಭಗ್ಗನೆ ಹೊತ್ತಿಕೊಂಡರೆ ಆಮ್ಲಜನಕ ಅನ್ನೋದೂ ಬಾಯಿಪಾಠ, ಆದರೆ ನೈಟ್ರಸ್ ಆಕ್ಸೈಡಿನಲ್ಲೂ ಕಡ್ಡಿ ಹೊತ್ತಿಕೊಳ್ಳುತ್ತದೆ. ಪ್ಲಸ್ ಟು ಪ್ರಾಕ್ಟಿಕಲ್‌ನಲ್ಲಿ ಲವಣ ಕೊಟ್ಟು ಕೂರಿಸಿದಾಗ ಮಕ್ಕಳು ಎಡವುವುದು ಇಲ್ಲೇ. ಒಂದು ಪರೀಕ್ಷೆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಎರಡು ಮೂರು ಪರೀಕ್ಷೆ ಸೇರಿಸಿ, ಯಾವುದು ಅಲ್ಲ ಅನ್ನೋದನ್ನು ಒಂದೊಂದಾಗಿ ಬಿಡುತ್ತಾ ಹೋದರೆ ಹೆಸರು ತಾನಾಗಿ ಉಳಿಯುತ್ತದೆ.

ಹೈಸ್ಕೂಲು ಮತ್ತು ಪ್ಲಸ್ ಟು ಮಕ್ಕಳಿಗೆ, ಸಣ್ಣ ಲ್ಯಾಬು ನಡೆಸುವ ಮಾಸ್ಟ್ರು-ಟೀಚರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸಾಮಾನು

ಸುಣ್ಣದ ತಿಳಿನೀರನ್ನು ಅಂಗಡಿಯಿಂದ ತರಿಸಬೇಕಾಗಿಲ್ಲ. ವೀಳ್ಯಕ್ಕೆ ಹಚ್ಚುವ ಬಿಳಿ ಸುಣ್ಣ ಸಾಕು. ಅಡಿಕೆ ತೋಟ ಇರುವ ಮನೆಯಲ್ಲಿ ಬೋರ್ಡೋ ಮದ್ದಿಗೆ ಅಂತ ತಂದ ಸುಣ್ಣ ಇದ್ದೇ ಇರುತ್ತದೆ, ಅದೂ ಆಗುತ್ತದೆ. ಆದರೆ ಅದು ಗಟ್ಟಿ ಸುಣ್ಣವಾಗಿದ್ದರೆ ಮೊದಲು ದೊಡ್ಡವರು ಯಾರಾದರೂ ನೀರು ಹಾಕಿ ಅರಳಿಸಿಕೊಡಲಿ, ಯಾಕೆಂದರೆ ಆಗ ಅದು ಕೊತಕೊತ ಕುದಿಯುವಷ್ಟು ಬಿಸಿಯಾಗಿ ಕಣ್ಣಿಗೆ ಸಿಡಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅರಳಿದ ಸುಣ್ಣ ಹಾಕಿ, ಮುಚ್ಚಳ ಬಿಗಿದು ಕುಲುಕಿ, ರಾತ್ರಿಯಿಡೀ ಅಲ್ಲಾಡಿಸದೆ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಮೆಲ್ಲ ಬಗ್ಗಿಸಿಕೊಂಡು ಸೋಸುಕಾಗದದಲ್ಲಿ ಸೋಸಿ. ಸುಣ್ಣ ನೀರಿನಲ್ಲಿ ಕರಗುವುದು ಲೀಟರಿಗೆ ಎರಡು ಗ್ರಾಮಿಗಿಂತಲೂ ಕಡಿಮೆ, ಹಾಗಾಗಿ ಜಾಸ್ತಿ ಸುಣ್ಣ ಸುರಿದರೆ ತಳದಲ್ಲಿ ಕೆಸರು ಜಾಸ್ತಿ ಆಗುತ್ತದೆ ಅಷ್ಟೇ, ತಿಳಿನೀರು ಖಾರ ಆಗುವುದಿಲ್ಲ. ಬಾಟಲಿಯ ಬಾಯಿ ತೆರೆದಿಟ್ಟರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ತಾಗಿ ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿದ ನೀರನ್ನು ಪರೀಕ್ಷೆಗೆ ಬಳಸಬೇಡಿ.

ಲಿಟ್ಮಸ್ ಕಾಗದ ಮುಗಿದಿದ್ದರೆ ಕೆಂಪು ದಾಸವಾಳ ಇದೆ. ಎಸಳನ್ನು ಸೋಸುಕಾಗದದ ಮೇಲೆ ಚೆನ್ನಾಗಿ ಉಜ್ಜಿ, ನೆರಳಲ್ಲಿ ಒಣಗಿಸಿ, ಪಟ್ಟಿ ಮಾಡಿ ಡಬ್ಬಿಯಲ್ಲಿಡಿ. ಆಮ್ಲ ತಾಗಿದರೆ ಅದು ಗುಲಾಬಿ-ಕೆಂಪಾಗುತ್ತದೆ, ಕ್ಷಾರ ತಾಗಿದರೆ ಹಸಿರು. ಆ ಹಸಿರು ನೋಡಲಿಕ್ಕೂ ಚಂದ, ಲಿಟ್ಮಸಿನ ನೀಲಿಗಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ವಿಷಯ, ಇದು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಕಾಗದವನ್ನು ಒದ್ದೆ ಮಾಡಲು ಬಾವಿ ನೀರು ಬೇಡ. ಕಾಸರಗೋಡಿನ ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಕಡೆಗೇ ಇರುತ್ತದೆ. ನೀಲಿ ಲಿಟ್ಮಸನ್ನು ಅದರಲ್ಲಿ ಅದ್ದಿದರೆ ಅನಿಲ ತಾಗುವ ಮೊದಲೇ ಬಣ್ಣ ಮಂಕಾಗಿ ನೇರಳೆಗೆ ತಿರುಗಬಹುದು. ಡಿಸ್ಟಿಲ್ಡ್ ವಾಟರ್ ಬಳಸಿ. ಜೊತೆಗೆ ಅದೇ ನೀರಿನಲ್ಲಿ ಒದ್ದೆ ಮಾಡಿದ ಇನ್ನೊಂದು ಪಟ್ಟಿಯನ್ನು ಪಕ್ಕದಲ್ಲಿ ಸುಮ್ನೆ ಇಟ್ಟುಕೊಳ್ಳಿ, ಹೋಲಿಸಿ ನೋಡಲಿಕ್ಕೆ.

ಕಡ್ಡಿಗೆ ಊದುಬತ್ತಿಯ ಕೆಳಗಿನ ಬರಿ ಬಿದಿರು ಭಾಗ ಒಳ್ಳೆಯದು. ಹಿಡಿಸೂಡಿ ಕಡ್ಡಿ ಉರಿಯುತ್ತದೆ ನಿಜ, ಆದರೆ ಅದರಲ್ಲಿ ಕೆಂಡ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಜೂನ್-ಜುಲೈಯಲ್ಲಿ ಬೆಂಕಿಪೆಟ್ಟಿಗೆ, ಕಡ್ಡಿ ಎರಡನ್ನೂ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ. ಥಂಡಿ ಹಿಡಿದ ಕಡ್ಡಿಯಲ್ಲಿ ಆಮ್ಲಜನಕವೂ ಸೋಲುತ್ತದೆ!

ಯಾವ ಕ್ರಮದಲ್ಲಿ ನೋಡಬೇಕು

ಮೊದಲು ಕಣ್ಣು. ಪ್ರನಾಳದ ಹಿಂದೆ ಬಿಳಿ ಕಾಗದ ಹಿಡಿದು ಅನಿಲಕ್ಕೆ ಬಣ್ಣ ಇದೆಯಾ ನೋಡಿ. ಹಸಿರು-ಹಳದಿ ಆದರೆ ಕ್ಲೋರಿನ್ ಇರಬಹುದು, ಕಂದು ಆದರೆ ನೈಟ್ರೋಜನ್ ಡೈಆಕ್ಸೈಡ್ ಅಥವಾ ಬ್ರೋಮಿನ್. ಬಣ್ಣ ಇಲ್ಲದಿದ್ದರೆ ಮೂಗು. ಪ್ರನಾಳದ ಬಾಯಿಗೆ ಮೂಗು ಒಡ್ಡಬೇಡಿ, ಒಂದು ಮೊಳ ದೂರ ಹಿಡಿದು ಅಂಗೈಯಿಂದ ಗಾಳಿಯನ್ನು ಮೆಲ್ಲ ನಿಮ್ಮತ್ತ ಬೀಸಿಕೊಳ್ಳಿ, ಒಂದೇ ಸಲ. ಆಮೇಲೆ ಒದ್ದೆ ಲಿಟ್ಮಸ್, ಕೆಂಪು ನೀಲಿ ಎರಡೂ ಒಟ್ಟಿಗೆ. ಒಣ ಕಾಗದಕ್ಕೆ ಏನೂ ಆಗುವುದಿಲ್ಲ, ಅನಿಲ ನೀರಿನಲ್ಲಿ ಕರಗಿದ ಮೇಲೆಯೇ ಆಮ್ಲವೋ ಕ್ಷಾರವೋ ಆಗುವುದು. ಕೊನೆಗೆ ಬೆಂಕಿ ಮತ್ತು ತಿಳಿನೀರು.

ಮನೆಯಲ್ಲಿ ಮಾಡಬಹುದಾದ್ದು ಕಾರ್ಬನ್ ಡೈಆಕ್ಸೈಡ್ ಒಂದೇ ಅಂತ ಇಟ್ಟುಕೊಳ್ಳಿ, ಅದೂ ವಿನೆಗರಿನಲ್ಲಿ. ಉಳಿದದ್ದೆಲ್ಲ ಲ್ಯಾಬಿನಲ್ಲಿ, ಕನ್ನಡಕ ಹಾಕಿ, ಕಿಟಕಿ ತೆರೆದು, ಟೀಚರ್ ಪಕ್ಕದಲ್ಲಿ ಇರುವಾಗ.

ಕಾರ್ಬನ್ ಡೈಆಕ್ಸೈಡ್ ಮತ್ತು ಅದರ ವೇಷ ಹಾಕುವ ಸಲ್ಫರ್ ಡೈಆಕ್ಸೈಡ್

ಅಮೃತಶಿಲೆ ಚೂರು ಇಲ್ಲದಿದ್ದರೆ ಮರುವಾಯಿ ಚಿಪ್ಪು ತನ್ನಿ, ಹೊಳೆ ಬದಿಯ ಮನೆಯಲ್ಲಿ ಸಾರು ಮಾಡಿದ ಮರುದಿನ ಬೇಕಾದಷ್ಟು ಸಿಗುತ್ತದೆ. ಮೊಟ್ಟೆಯ ಚಿಪ್ಪೂ ಆಗುತ್ತದೆ. ಮೂರೂ ಕ್ಯಾಲ್ಸಿಯಂ ಕಾರ್ಬೊನೇಟೇ. ತೊಳೆದು ಜಜ್ಜಿ ಪ್ರನಾಳಕ್ಕೆ ಹಾಕಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ನೊರೆ ಬರುತ್ತದೆ. ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಶುರುವಿಗೆ ಸ್ವಲ್ಪ ನೊರೆ ಬಂದು ನಿಂತುಹೋಗುತ್ತದೆ, ಯಾಕೆಂದರೆ ಚೂರಿನ ಮೇಲೆ ಸರಿಯಾಗಿ ಕರಗದ ಕ್ಯಾಲ್ಸಿಯಂ ಸಲ್ಫೇಟಿನ ಪದರ ಕಟ್ಟುತ್ತದೆ.

ಬರುವ ಅನಿಲವನ್ನು ಕೊಳವೆಯಲ್ಲಿ ಹಾಯಿಸಿ ತಿಳಿನೀರಿನೊಳಗೆ ಬಿಡಿ. ಕೊಳವೆಯ ತುದಿ ನೀರಿನೊಳಗೆ ಮುಳುಗಿರಬೇಕು. ಇನ್ನು ಕಣ್ಣು ತೆಗೆಯಬೇಡಿ. ಮೊದಲು ಗುಳ್ಳೆಯ ಸುತ್ತ ಮಾತ್ರ ಹೊಗೆಯ ಎಳೆಯ ಹಾಗೆ ಬಿಳುಪು ಕಾಣುತ್ತದೆ, ನಂತರ ಇಡೀ ಪ್ರನಾಳ ಹಾಲಿನ ಬಣ್ಣಕ್ಕೆ ಬರುತ್ತದೆ. ಅದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹುಡಿ. ಇಲ್ಲಿಗೆ ನಿಲ್ಲಿಸದೆ ಅನಿಲ ಹಾಯಿಸುತ್ತಲೇ ಇದ್ದರೆ ಬೆಳ್ಳಗಾದ ನೀರು ಮತ್ತೆ ತಿಳಿಯಾಗುತ್ತದೆ! ಜಾಸ್ತಿಯಾದ ಅನಿಲ ಸೇರಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿತು ಅಂತ ಅರ್ಥ. ಆ ತಿಳಿ ನೀರನ್ನು ಕುದಿಸಿದರೆ ಪುನಃ ಬಿಳಿ. ತಡವಾಗಿ ಬಂದು ನೋಡಿದವರು ‘ಏನೂ ಆಗಲಿಲ್ಲ’ ಅಂತ ರೆಕಾರ್ಡಿನಲ್ಲಿ ಬರೆಯುವುದು ಈ ಕಾರಣಕ್ಕೇ.

ಉಸಿರು ಊದಿ ನೋಡುವುದು ಎಲ್ಲರೂ ಮಾಡಿರುತ್ತೀರಿ. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ಸುಮಾರು 4% ಇದೆ, ಹೊರಗಿನ ಗಾಳಿಯಲ್ಲಿ ಸುಮಾರು 0.04% ಮಾತ್ರ. ಅಂದರೆ ನೂರು ಪಟ್ಟು. ಸ್ಟ್ರಾ ಹಾಕಿ ಊದಿ, ಎಳೆಯಬೇಡಿ. ಸುಣ್ಣದ ನೀರು ಬಾಯಿ ಸುಡುತ್ತದೆ.

ಇನ್ನು ಸಲ್ಫರ್ ಡೈಆಕ್ಸೈಡ್. ಅದೂ ತಿಳಿನೀರನ್ನು ಬೆಳ್ಳಗೆ ಮಾಡುತ್ತದೆ, ಜಾಸ್ತಿ ಹಾಯಿಸಿದರೆ ಅದೂ ತಿಳಿಯಾಗುತ್ತದೆ. ಮತ್ತೆ ಹೇಗೆ ಬೇರೆ ಮಾಡುವುದು? ಒಂದು, ವಾಸನೆ. ಕೊಬ್ಬರಿಗೆ ಗಂಧಕದ ಹೊಗೆ ಕೊಡುವಲ್ಲಿ ನಿಂತವರಿಗೆ ಆ ಗಂಟಲು ಕೆರೆಯುವ ಘಾಟು ಮರೆಯುವುದಿಲ್ಲ, ಕಾರ್ಬನ್ ಡೈಆಕ್ಸೈಡಿಗೆ ವಾಸನೆಯೇ ಇಲ್ಲ. ಎರಡು, ಡೈಕ್ರೋಮೇಟ್ ಕಾಗದ. ಪೊಟಾಸಿಯಂ ಡೈಕ್ರೋಮೇಟ್ ದ್ರಾವಣಕ್ಕೆ ಸ್ವಲ್ಪ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಸೋಸುಕಾಗದ ಅದ್ದಿ ಹಿಡಿದರೆ ಕಿತ್ತಳೆ ಬಣ್ಣ ಹೋಗಿ ಹಸಿರಾಗುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಈ ಕಾಗದ ಕ್ಯಾರೇ ಅನ್ನುವುದಿಲ್ಲ. ನನ್ನ ಪ್ರಕಾರ ಡೈಕ್ರೋಮೇಟ್ ಕಾಗದವನ್ನು ತಿಳಿನೀರಿಗಿಂತ ಮೊದಲು ಹಿಡಿಯಬೇಕು. ಮೊದಲೇ ಹಸಿರಾದರೆ ಆಮೇಲೆ ತಿಳಿನೀರಿನ ಗೊಂದಲವೇ ಇರುವುದಿಲ್ಲ.

ಪರ್ಮಾಂಗನೇಟಿನ ನೇರಳೆ ಬಣ್ಣವನ್ನೂ ಸಲ್ಫರ್ ಡೈಆಕ್ಸೈಡ್ ಕಳೆಯುತ್ತದೆ. ಅದು ಇನ್ನೊಂದು ಸಾಕ್ಷಿ.

ಹೈಡ್ರೋಜನ್, ಆಮ್ಲಜನಕ

ಸತುವಿನ ಚೂರಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ. ಸತು ತುಂಬಾ ಶುದ್ಧವಾಗಿದ್ದರೆ ಗುಳ್ಳೆ ಬರುವುದು ನಿಧಾನ. ಆಗ ಎರಡು ಹನಿ ಮೈಲುತುತ್ತಿನ ನೀರು ಹಾಕಿದರೆ ಚುರುಕಾಗುತ್ತದೆ. ಹೈಡ್ರೋಜನ್ ಗಾಳಿಗಿಂತ ಸುಮಾರು 14 ಪಟ್ಟು ಹಗುರ, ಹಾಗಾಗಿ ಹಿಡಿಯುವ ಪ್ರನಾಳವನ್ನು ಬಾಯಿ ಕೆಳಗೆ ಮಾಡಿ ಹಿಡಿದು, ಬೆರಳಿನಿಂದ ಮುಚ್ಚಿ, ತಯಾರಿಸುವ ಜಾಗದಿಂದ ದೂರ ತಂದು ಉರಿಯುವ ಕಡ್ಡಿ ತೋರಿಸಿ. ‘ಟಪ್’ ಅಂತ ಸದ್ದು ಬರುತ್ತದೆ, ಪ್ರನಾಳದ ಒಳಗೋಡೆಯಲ್ಲಿ ನೀರಿನ ಮಂಜು ಕೂರುತ್ತದೆ. ಮಕ್ಕಳು ಸದ್ದು ಜೋರಾದಷ್ಟು ಹೈಡ್ರೋಜನ್ ಶುದ್ಧ ಅಂದುಕೊಳ್ಳುತ್ತಾರೆ, ನಿಜ ಅದಕ್ಕೆ ಉಲ್ಟಾ. ಶುದ್ಧ ಹೈಡ್ರೋಜನ್ ಸದ್ದಿಲ್ಲದೆ ತಿಳಿ ನೀಲಿಯಾಗಿ ಉರಿಯುತ್ತದೆ. ಗಾಳಿ ಬೆರೆತಾಗಲೇ ಸಿಡಿಯುವುದು. ಗಾಳಿಯಲ್ಲಿ 4%ನಿಂದ 75%ವರೆಗೆ ಹೈಡ್ರೋಜನ್ ಇದ್ದರೆ ಬೆಂಕಿ ಹಿಡಿಯುತ್ತದೆ, ಆ ವ್ಯಾಪ್ತಿ ಎಷ್ಟು ದೊಡ್ಡದು ನೋಡಿ. ಅದಕ್ಕೇ ಹೇಳುವುದು, ಫ್ಲಾಸ್ಕಿನ ಕೊಳವೆಯ ತುದಿಗೆ ಯಾವತ್ತೂ ಬೆಂಕಿ ಹಿಡಿಯಬೇಡಿ, ಸಣ್ಣ ಪ್ರನಾಳಕ್ಕೆ ಮಾತ್ರ. ಹೆನ್ರಿ ಕ್ಯಾವೆಂಡಿಶ್ 1766ರಲ್ಲಿ ಇದನ್ನು ‘ಉರಿಯುವ ಗಾಳಿ’ ಅಂತ ಬೇರೆಯಾಗಿ ಗುರುತಿಸಿದ್ದು ಇಂಥದೇ ಲೋಹ-ಆಮ್ಲದ ಕೆಲಸದಿಂದ.

ಆಮ್ಲಜನಕಕ್ಕೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೆ ಬುರಬುರ ನೊರೆ ಬರುತ್ತದೆ. ಅದು ಇಲ್ಲದಿದ್ದರೆ ಹಸಿ ಬಟಾಟೆಯ ಒಂದು ಹೋಳೂ ಇದೇ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನ. ಕಡ್ಡಿಯ ಬೆಂಕಿ ಆರಿಸಿ, ತುದಿಯಲ್ಲಿ ಕೆಂಪು ಕೆಂಡ ಇರುವಾಗಲೇ ಪ್ರನಾಳದ ನಡುವಿನವರೆಗೆ ಇಳಿಸಿ. ನೊರೆಗೆ ತಾಗಿದರೆ ಕೆಂಡ ಹೋಯ್ತು. ಭಗ್ ಅಂತ ಹೊತ್ತಿಕೊಂಡರೆ ಆಮ್ಲಜನಕ.

ಅಥವಾ ನೈಟ್ರಸ್ ಆಕ್ಸೈಡ್. ಅದಕ್ಕೆ ಸ್ವಲ್ಪ ಸಿಹಿ ವಾಸನೆ ಇದೆ, ಆಮ್ಲಜನಕಕ್ಕೆ ಇಲ್ಲ. ಶಾಲೆಯ ಮಟ್ಟಿಗೆ ಯಾವ ವಸ್ತುವಿನಿಂದ ಅನಿಲ ಬಂತು ಅನ್ನೋದೇ ಇಲ್ಲಿ ಉತ್ತರ ಕೊಡುತ್ತದೆ.

ಅಮೋನಿಯಾ

ಇಡೀ ಪಟ್ಟಿಯಲ್ಲಿ ಮೋಸ ಮಾಡದ ಅನಿಲ ಇದು. ಶಾಲೆಯಲ್ಲಿ ನೋಡುವ ಅನಿಲಗಳಲ್ಲಿ ಒದ್ದೆ ಕೆಂಪು ಲಿಟ್ಮಸನ್ನು ನೀಲಿ ಮಾಡುವುದು ಇದೊಂದೇ, ಹಾಗಾಗಿ ಕಾಗದ ನೀಲಿಯಾದರೆ ಕೆಲಸ ಮುಕ್ಕಾಲು ಮುಗಿಯಿತು. ವಾಸನೆಯಂತೂ ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. ರಬ್ಬರ್ ಹಾಲು ಹೆಪ್ಪುಗಟ್ಟದ ಹಾಗೆ ಅಮೋನಿಯಾ ಸೇರಿಸಿ ಬ್ಯಾರಲಿನಲ್ಲಿ ತುಂಬಿಡುವ ಜಾಗದಲ್ಲಿ ಕಣ್ಣಲ್ಲಿ ನೀರು ಬರಿಸುವುದು ಇದೇ.

ಲ್ಯಾಬಿನಲ್ಲಿ ಅಮೋನಿಯಂ ಕ್ಲೋರೈಡ್ ಮತ್ತು ಅರಳಿದ ಸುಣ್ಣ ಎರಡನ್ನೂ ಬೆರೆಸಿ ಮೆಲ್ಲ ಬಿಸಿ ಮಾಡಿ. ಹಗುರ ಅನಿಲ, ಬಾಯಿ ಕೆಳಗಾದ ಪ್ರನಾಳದಲ್ಲಿ ಹಿಡಿಯಬೇಕು. ನೀರಿನ ಮೇಲೆ ಹಿಡಿಯಲು ಹೋದರೆ ಒಂದು ಗುಳ್ಳೆಯೂ ಉಳಿಯುವುದಿಲ್ಲ, ಯಾಕೆಂದರೆ ಒಂದು ಪಾಲು ನೀರು ಸುಮಾರು 700 ಪಾಲು ಅಮೋನಿಯಾವನ್ನು ನುಂಗುತ್ತದೆ. ನೀರು ಕೊಳವೆಯಲ್ಲಿ ಹಿಂದಕ್ಕೆ ಏರಿ ಬಿಸಿ ಪ್ರನಾಳಕ್ಕೆ ಬಿದ್ದರೆ ಗಾಜು ಒಡೆಯುತ್ತದೆ.

ಎರಡನೇ ಪರೀಕ್ಷೆಗೆ ಗಾಜಿನ ಕಡ್ಡಿಯ ತುದಿಯನ್ನು ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಹತ್ತಿರ ತನ್ನಿ. ದಟ್ಟ ಬಿಳಿ ಹೊಗೆ ಏಳುತ್ತದೆ. ಅದು ನಿಜಕ್ಕೂ ಹೊಗೆಯಲ್ಲ, ಅಮೋನಿಯಂ ಕ್ಲೋರೈಡಿನ ಅತಿ ಸಣ್ಣ ಹರಳು. ಇದೇ ಪರೀಕ್ಷೆಯನ್ನು ತಿರುಗಿಸಿ ಹಿಡಿದರೆ ಹೈಡ್ರೋಜನ್ ಕ್ಲೋರೈಡ್ ಸಿಗುತ್ತದೆ: ಘಾಟು ವಾಸನೆ, ಒದ್ದೆ ನೀಲಿ ಲಿಟ್ಮಸ್ ಕೆಂಪು, ಅಮೋನಿಯಾದಲ್ಲಿ ಅದ್ದಿದ ಕಡ್ಡಿಗೆ ಬಿಳಿ ಹೊಗೆ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಬಿಳಿ ಗಸಿ. ಆ ಗಸಿ ಅಮೋನಿಯಾ ದ್ರಾವಣದಲ್ಲಿ ಕರಗಬೇಕು.

ಕೆಟ್ಟ ಮೂರು

ಕ್ಲೋರಿನ್, ಕಂದು ನೈಟ್ರೋಜನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಮೂರೂ ವಿಷ, ಟೀಚರೇ ಚಿಟಿಕೆಯಷ್ಟು ಮಾಡಿ ತೋರಿಸಿದರೆ ಸಾಕು.

ಕ್ಲೋರಿನ್ ಒದ್ದೆ ನೀಲಿ ಲಿಟ್ಮಸನ್ನು ಒಂದು ಕ್ಷಣ ಕೆಂಪು ಮಾಡಿ ನಂತರ ಬಿಳಿಚಿಬಿಡುತ್ತದೆ. ಆ ಕೆಂಪು ಕಣ್ಣಿಗೆ ಬಿದ್ದರೂ ಬೀಳದಿದ್ದರೂ ಕೊನೆಗೆ ಬಿಳಿ ಆಯ್ತಾ ಅನ್ನೋದು ಮುಖ್ಯ. ಸ್ಟಾರ್ಚ್-ಅಯೊಡೈಡ್ ಕಾಗದ ಕಡು ನೀಲಿ ಆಗುತ್ತದೆ, ಆದರೆ ಕಂದು ಅನಿಲಕ್ಕೂ ಆ ಕಾಗದ ನೀಲಿಯಾಗುವುದರಿಂದ ಅದೊಂದನ್ನೇ ನಂಬಬೇಡಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಬರುವ ವಾಸನೆ ಇದಕ್ಕೆ ಹತ್ತಿರ. ಆ ಪೌಡರನ್ನೂ ಟಾಯ್ಲೆಟ್ ತೊಳೆಯುವ ಆ್ಯಸಿಡನ್ನೂ ಒಟ್ಟಿಗೆ ಸುರಿದರೆ ಬರುವುದು ನಿಜವಾದ ಕ್ಲೋರಿನ್ನೇ. ಮನೆಯಲ್ಲಿ ಈ ಮಾತನ್ನು ಅಮ್ಮನಿಗೂ ಹೇಳಿಡಿ.

ಕಂದು ಅನಿಲವನ್ನು ಹೊಸದಾಗಿ ಮಾಡಿದ ಫೆರಸ್ ಸಲ್ಫೇಟ್ ದ್ರಾವಣಕ್ಕೆ ಬಿಟ್ಟರೆ ದ್ರಾವಣ ಕಡು ಕಂದು ಆಗುತ್ತದೆ. ಹಳೆಯ ದ್ರಾವಣ ತಾನೇ ಹಳದಿ-ಕಂದು ಆಗಿರುತ್ತದೆ, ಅದು ಕೆಲಸಕ್ಕೆ ಬಾರದು.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ವಾಸನೆ. ಲೆಡ್ ಅಸಿಟೇಟ್ ಕಾಗದ ಕಪ್ಪಾಗುತ್ತದೆ, ಬೆಳ್ಳಿಯ ಹಾಗೆ ಹೊಳೆಯುವ ಕಪ್ಪು. ಇದೂ ಡೈಕ್ರೋಮೇಟ್ ಕಾಗದವನ್ನು ಹಸಿರು ಮಾಡುತ್ತದೆ, ಹಾಗಾಗಿ ಹಸಿರು ಕಂಡ ತಕ್ಷಣ ಸಲ್ಫರ್ ಡೈಆಕ್ಸೈಡ್ ಅಂತ ಬರೆಯದೆ ಲೆಡ್ ಕಾಗದವನ್ನೂ ಹಿಡಿದು ನೋಡಿ. ಜಾಸ್ತಿ ಪ್ರಮಾಣದಲ್ಲಿದ್ದರೆ ಈ ಅನಿಲ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತು ಅಂದರೆ ಅನಿಲ ಹೋಯಿತು ಅಂತ ಅಲ್ಲ, ಆಗಲೇ ಓಡಬೇಕು.

ದೀಪ ನಂದಿದರೆ

ಉರಿಯುವ ಕಡ್ಡಿ ನಂದಿತು, ತಿಳಿನೀರು ಬೆಳ್ಳಗಾಗಲಿಲ್ಲ, ವಾಸನೆ ಇಲ್ಲ, ಕಾಗದ ಹಾಗೇ ಇದೆ. ಆಗ ನೈಟ್ರೋಜನ್. ಅದಕ್ಕೆ ಶಾಲೆಯಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ, ಉಳಿದದ್ದು ಯಾವುದೂ ಅಲ್ಲ ಅನ್ನೋದೇ ಅದರ ಗುರುತು.

ದೀಪದ ಪರೀಕ್ಷೆ ಬಾಯಾರು, ಪೆರ್ಲ ಕಡೆಯವರಿಗೆ ಪುಸ್ತಕದ ವಿಷಯ ಅಲ್ಲ. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡುವವರು ಒಳಗೆ ಹೋಗುವಾಗ ಮೇಣದಬತ್ತಿ ಉರಿಸಿಕೊಂಡೇ ಹೋಗುತ್ತಾರೆ, ಅದು ಮಂಕಾದರೆ ಹೊರಗೆ ಬರುತ್ತಾರೆ. ಗಾಳಿಯಲ್ಲಿ ಆಮ್ಲಜನಕ 21% ಇದೆ, ಸುಮಾರು 16%ಕ್ಕೆ ಇಳಿದಾಗ ಮೇಣದಬತ್ತಿ ನಂದುತ್ತದೆ. ಅಂದರೆ ದೀಪ ಹೇಳುವುದು ಉರಿಯಲು ಗಾಳಿ ಸಾಕಾ ಇಲ್ವಾ ಅನ್ನೋದನ್ನು ಮಾತ್ರ. ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಹಾಗಾಗಿ ಹಳೆಯ ಪಾಳು ಬಾವಿಗೆ ದೀಪ ಇಳಿಸಿ ನೋಡಿದೆವು, ಉರಿಯಿತು, ಇಳಿಯಬಹುದು ಅನ್ನುವ ಲೆಕ್ಕ ಸರಿಯಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ, ಗೋಬರ್ ಗ್ಯಾಸಿನ ಗುಂಡಿಯಲ್ಲಿ ಮೀಥೇನ್ ಇರುವುದರಿಂದ ಅಲ್ಲಿ ದೀಪ ತೋರಿಸುವುದು ಬೆಂಕಿ ಹಚ್ಚಿದ ಹಾಗೇ.

ಗೋಬರ್ ಗ್ಯಾಸ್ ಪ್ಲಸ್ ಟು ಮಕ್ಕಳಿಗೆ ಒಳ್ಳೆಯ ಲೆಕ್ಕ ಕೂಡ. ಸ್ವಲ್ಪವನ್ನು ಬೆಂಕಿ ಇಲ್ಲದ ಕಡೆ ತಿಳಿನೀರಿಗೆ ಹಾಯಿಸಿದರೆ ಬೆಳ್ಳಗಾಗುತ್ತದೆ, ಲೆಡ್ ಅಸಿಟೇಟ್ ಕಾಗದ ಕಪ್ಪಾಗುತ್ತದೆ, ಒಲೆಯಲ್ಲಿ ನೀಲಿಯಾಗಿ ಉರಿಯುತ್ತದೆ. ಮೂರು ಪರೀಕ್ಷೆಗೆ ಮೂರು ಬೇರೆ ಬೇರೆ ಅನಿಲ ಉತ್ತರ ಕೊಟ್ಟವು: ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಮೀಥೇನ್. ವಾಸನೆ ಮೀಥೇನಿನದಲ್ಲ. ಅದಕ್ಕೆ ವಾಸನೆಯೇ ಇಲ್ಲ.

ರೆಕಾರ್ಡಿನಲ್ಲಿ

ಕಂಡದ್ದನ್ನು ಒಂದು ಕಡೆ, ಅಂದಾಜನ್ನು ಇನ್ನೊಂದು ಕಡೆ ಬರೆಯಿರಿ. ‘ಕಾರ್ಬನ್ ಡೈಆಕ್ಸೈಡ್ ಬಂತು’ ಅನ್ನೋದು ಕಂಡದ್ದಲ್ಲ. ‘ಬಣ್ಣ, ವಾಸನೆ ಇಲ್ಲದ ಅನಿಲ ಬುಸುಬುಸು ಬಂತು, ಡೈಕ್ರೋಮೇಟ್ ಕಾಗದ ಬದಲಾಗಲಿಲ್ಲ, ತಿಳಿನೀರು ಬೆಳ್ಳಗಾಯಿತು’ ಅನ್ನೋದು ಕಂಡದ್ದು. ಹೀಗೆ ಬರೆದರೆ ಹೆಸರು ತಪ್ಪಿದರೂ ಅಂಕ ಪೂರ್ತಿ ಹೋಗುವುದಿಲ್ಲ, ಎಲ್ಲಿ ತಪ್ಪಿತು ಅಂತ ಟೀಚರಿಗೂ ಗೊತ್ತಾಗುತ್ತದೆ. ಏನೂ ಆಗದ ಪರೀಕ್ಷೆಯನ್ನೂ ಬರೆಯಿರಿ, ಅದೂ ಲೆಕ್ಕಕ್ಕೆ ಬರುತ್ತದೆ. ಬಳಸಿದ ಡೈಕ್ರೋಮೇಟ್, ಲೆಡ್ ಅಸಿಟೇಟ್ ಕಾಗದಗಳನ್ನು ಸಿಂಕಿಗೆ ಬಿಸಾಡದೆ ಬೇರೆ ಡಬ್ಬಿಗೆ ಹಾಕಿ. ಎರಡೂ ವಿಷ. ಬುತ್ತಿ ಬಿಚ್ಚುವ ಮೊದಲು ಕೈಯನ್ನು ಸೋಪು ಹಾಕಿ ತೊಳೆಯಿರಿ.